ಹಳೆಯ ಫೋನ್ ಕೊಳ್ಳುವ, ಕೊಡುವ, ರಿಪೇರಿ ಮಾಡಿಸುವ ಮುನ್ನ



ನಮ್ಮ ವಾಣಿಜ್ಯ ವಿಭಾಗದ ಹುಡುಗನೊಬ್ಬ ರಜೆಯಲ್ಲಿ ದುಡಿದ ಆರು ಸಾವಿರ ರೂಪಾಯಿ ಕೊಟ್ಟು ಒಂದು ಹಳೆಯ ಫೋನ್ ಕೊಂಡ. ಪರಿಚಯದವರ ಪರಿಚಯದವರು ಕೊಟ್ಟದ್ದು. ಬಿಲ್ ಇರಲಿಲ್ಲ, ಬಾಕ್ಸೂ ಇರಲಿಲ್ಲ. ತನ್ನ ಸಿಮ್ ಹಾಕಿದ ಕೆಲವೇ ದಿನಗಳಲ್ಲಿ ಪೊಲೀಸ್ ಠಾಣೆಯಿಂದ ಕರೆ ಬಂತು. ಅದು ಬೇರೆ ಯಾರದೋ ಕಳುವಾದ ಫೋನ್. ಅವನ ಅಬ್ಬ ಒಂದು ದಿನದ ಕೆಲಸ ಬಿಟ್ಟು ಮಗನ ಜೊತೆ ಠಾಣೆಗೆ ಹೋಗಿ ಅದನ್ನು ಒಪ್ಪಿಸಿ ಬಂದರು. ಮಾರಿದವನು ಮತ್ತೆ ಸಿಗಲಿಲ್ಲ.

ಆಮೇಲೆ ಅವನು ಸ್ಟಾಫ್ ರೂಮಿಗೆ ಬಂದು ಕೇಳಿದ: "ಸರ್, ನಾನು ಹಣ ಕೊಟ್ಟೇ ತಗೊಂಡದ್ದಲ್ವಾ? ಮತ್ತೆ ಅದು ನನ್ನದು ಯಾಕೆ ಆಗ್ಲಿಲ್ಲ?"

ಈ ಪಾಠ ಆ ಪ್ರಶ್ನೆಗೆ ಉತ್ತರ.

ತನ್ನದಲ್ಲದ್ದನ್ನು ಮಾರಲಾಗದು

1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಸಾರ ಇಷ್ಟು: ಕೆಲವು ಅಪವಾದಗಳನ್ನು ಬಿಟ್ಟರೆ, ಮಾರುವವನಿಗೆ ವಸ್ತುವಿನ ಮೇಲೆ ಎಷ್ಟು ಹಕ್ಕಿದೆಯೋ ಅಷ್ಟೇ ಕೊಳ್ಳುವವನಿಗೂ ಸಿಗುತ್ತದೆ. ಕಳ್ಳನಿಗೆ ಹಕ್ಕೇ ಇಲ್ಲ. ಆದ್ದರಿಂದ ಅವನಿಂದ ಪೂರ್ತಿ ಬೆಲೆ ಕೊಟ್ಟು ಕೊಂಡರೂ ವಸ್ತು ನಿಮ್ಮದಾಗುವುದಿಲ್ಲ. ಇನ್ನೂ ಒಂದು ಮಾತಿದೆ. ಕದ್ದ ಮಾಲು ಎಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಜೈಲು ಆಗಬಹುದು. ಹದಿನೈದು ಸಾವಿರದ ಫೋನನ್ನು ಬಿಲ್ ಇಲ್ಲದೆ ಮೂರು ಸಾವಿರಕ್ಕೆ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ, ಅನುಮಾನಕ್ಕೆ ಆ ಬೆಲೆಯೇ ಒಂದು ಕಾರಣ.

ಹದಿನೈದು ಅಂಕಿಗಳ ಗುರುತು

ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಎರಡು ಸಿಮ್‌ನ ಫೋನಿಗೆ ಎರಡು ಸಂಖ್ಯೆ. ಕರೆ ಮಾಡುವ ಜಾಗದಲ್ಲಿ *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಪರದೆಯಲ್ಲಿರುವುದು, ಬಾಕ್ಸ್ ಮೇಲಿರುವುದು, ಬಿಲ್ಲಿನಲ್ಲಿರುವುದು ಮೂರೂ ಒಂದೇ ಆಗಿರಬೇಕು.

ಕೊನೆಯ ಅಂಕಿ ಲೆಕ್ಕ ತಾಳೆ ನೋಡುವುದಕ್ಕೆ ಇರುವುದು. ಎಡದಿಂದ 2, 4, 6 ಹೀಗೆ 14ರವರೆಗಿನ ಸಮಸ್ಥಾನದ ಅಂಕಿಗಳನ್ನು ಎರಡರಿಂದ ಗುಣಿಸಿ. ಉತ್ತರ ಎರಡಂಕಿಯದಾದರೆ ಆ ಎರಡನ್ನೂ ಕೂಡಿ ಒಂದಂಕಿ ಮಾಡಿ. ಉಳಿದವನ್ನು ಹಾಗೆಯೇ ಇಟ್ಟು ಎಲ್ಲವನ್ನೂ ಕೂಡಿಸಿ. ಮೊತ್ತ ಹತ್ತರಿಂದ ಭಾಗವಾಗಬೇಕು. ಉದಾಹರಣೆಗೆ 490154203237518 ಎಂಬ ಸಂಖ್ಯೆಯ ಮೊತ್ತ 60. ನಿಮ್ಮ ಫೋನಿನದ್ದನ್ನೂ ಮಾಡಿ ನೋಡಿ. ಮನಸ್ಸಿಗೆ ಬಂದಂತೆ ಬರೆದ ಸುಳ್ಳು ಸಂಖ್ಯೆ ಹತ್ತರಲ್ಲಿ ಒಂಬತ್ತು ಸಲ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಇನ್ನೊಂದು ಫೋನಿನಿಂದ ನಕಲು ಮಾಡಿದ ಸಂಖ್ಯೆ ಮಾತ್ರ ಈ ಲೆಕ್ಕದಲ್ಲಿ ಪಾಸಾಗುತ್ತದೆ. ಅದಕ್ಕೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಇದೆ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕಪ್ಪುಪಟ್ಟಿಯಲ್ಲಿದೆ, ನಕಲು ಸಂಖ್ಯೆ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಆ ಫೋನ್ ಬೇಡ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಂತೆ ಅಪರಾಧ. ಆದರೆ ಮಾಲೀಕರು ಇನ್ನೂ ದೂರು ಕೊಡದಿದ್ದರೆ ಕದ್ದ ಫೋನೂ ಸರಿಯಾಗಿದೆ ಎಂದೇ ತೋರಿಸಬಹುದು. ಹಾಗಾಗಿ ಸಂದೇಶ ನೋಡಿದರೂ ಬಿಲ್ ಬೇಕೇ ಬೇಕು.

ಯಾವ ಅಂಗಡಿ ಒಳ್ಳೆಯದು?

ನಮ್ಮ ಪೇಟೆಯ ಸಣ್ಣ ಮೊಬೈಲ್ ಅಂಗಡಿಗಳಲ್ಲಿ ಕೊಳ್ಳುವುದರಲ್ಲಿ ತಪ್ಪಿಲ್ಲ. ಅಂಗಡಿಯವರು ನಾಳೆಯೂ ಅಲ್ಲೇ ಇರುತ್ತಾರೆ, ತೊಂದರೆಯಾದರೆ ಹೋಗಿ ಕೇಳಬಹುದು. ಆದರೆ ಒಂದು ಪರೀಕ್ಷೆ ಮಾಡಿ. ಯಾರಾದರೂ ಫೋನ್ ಮಾರಲು ಬಂದಾಗ ಆ ಅಂಗಡಿಯವರು ಏನು ಕೇಳುತ್ತಾರೆ ನೋಡಿ. ಬಿಲ್, ಗುರುತಿನ ಚೀಟಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆಯೇ? ಹಾಗಾದರೆ ಅಲ್ಲಿ ಕೊಳ್ಳಬಹುದು. ಏನೂ ಕೇಳದೆ ಹಣ ಎಣಿಸಿ ಕೊಡುವ ಅಂಗಡಿಯಲ್ಲಿ ನಾಳೆ ನಿಮಗೆ ಸಿಗುವುದೂ ಅಂಥ ಫೋನೇ.

ನಿಮಗೆ 18 ತುಂಬಿಲ್ಲದಿದ್ದರೆ ಇನ್ನೊಂದು ವಿಷಯ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನಂತೆ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ನಿಮ್ಮಿಂದ ಫೋನ್ ಕೊಳ್ಳಲು ಒಪ್ಪದೆ "ಮನೆಯವರನ್ನು ಕರ್ಕೊಂಡು ಬಾ" ಎನ್ನುವ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಅವರು ಸರಿಯಾದ ಕೆಲಸ ಮಾಡುತ್ತಿದ್ದಾರೆ. ಕೊಳ್ಳುವಾಗಲೂ ಅಬ್ಬನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ, ಬಿಲ್ ಅವರ ಹೆಸರಿನಲ್ಲಿರಲಿ.

ಹಣ ಕೊಡುವ ಮೊದಲು ನಿಮ್ಮ ಎದುರೇ ಫೋನನ್ನು ಪೂರ್ತಿ ರಿಸೆಟ್ ಮಾಡಿಸಿ. ಆನ್ ಆದ ಮೇಲೆ ಹಿಂದಿನವರ ಗೂಗಲ್ ಅಥವಾ ಆಪಲ್ ಖಾತೆ ಕೇಳಿದರೆ ಕೊಳ್ಳಬೇಡಿ. ನಿಮ್ಮ ಸಿಮ್ ಹಾಕಿ ಕರೆ ಮಾಡಿ. ಮೈಕ್, ಸ್ಪೀಕರ್, ಕ್ಯಾಮೆರಾ, ಚಾರ್ಜಿಂಗ್, ಬೆರಳಚ್ಚು ಎಲ್ಲವನ್ನೂ ನೋಡಿ. ಡಿಸ್‌ಪ್ಲೇ ಬದಲಾಗಿದೆಯೇ ಎಂದು ಬಾಯಿಬಿಟ್ಟು ಕೇಳಿ.

ಹಳೆಯದನ್ನು ಕೊಡುವಾಗ

ಬದಲಿಗೆ ಕೊಡುವ ಫೋನಿನ ಜೊತೆ ನಿಮ್ಮ ಮನೆಯ ಫೋಟೋ, ಬ್ಯಾಂಕಿನ ಸಂದೇಶ ಎಲ್ಲ ಹೋಗುತ್ತವೆ. ಬೇಕಾದ್ದನ್ನು ಬ್ಯಾಕಪ್ ಮಾಡಿ, ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ, ಗೂಗಲ್ ಖಾತೆ ತೆಗೆಯಿರಿ, ಆಮೇಲೆ ರಿಸೆಟ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟರೆ ಅದರ ಮೇಲೆ "ಫೋನ್ ಮಾರಾಟಕ್ಕೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಮಾರಿದ್ದಕ್ಕೆ ಐಎಂಇಐ ಸಹಿತ ಚೀಟಿ ಪಡೆಯಿರಿ. ನಾಳೆ ಆ ಫೋನಿನಿಂದ ಯಾರಾದರೂ ತಪ್ಪು ಮಾಡಿದರೆ ನಿಮ್ಮನ್ನು ಕಾಪಾಡುವುದು ಆ ಚೀಟಿ. ಫೋನಿನಲ್ಲಿ ದೋಷವಿದ್ದರೆ ನೀವೂ ಮುಚ್ಚಿಡದೆ ಹೇಳಿ.

ರಿಪೇರಿಗೆ ಕೊಡುವಾಗ

ಚಾರ್ಜ್ ಆಗದಿದ್ದರೆ ಮೊದಲು ಚಾರ್ಜಿಂಗ್ ಪೋರ್ಟ್ ಸ್ವಚ್ಛ ಮಾಡಿಸಿ ನೋಡಿ. ಎಷ್ಟೋ ಸಲ ಜೇಬಿನ ಧೂಳೇ ಕಾರಣವಾಗಿರುತ್ತದೆ. ಪರದೆ ಒಡೆದರೂ ಚಿತ್ರ, ಟಚ್ ಸರಿಯಿದ್ದರೆ ಗಾಜನ್ನು ಮಾತ್ರ ಬದಲಿಸಬಹುದೇ ಎಂದು ಕೇಳಿ. ಪೂರ್ತಿ ಡಿಸ್‌ಪ್ಲೇ ಹಾಕುವುದಾದರೆ ಒರಿಜಿನಲ್ಲೋ ಕಾಪಿಯೋ ಎಂದು ಬಿಲ್ಲಿನಲ್ಲಿ ಬರೆಸಿ. ಅಮೋಲೆಡ್ ಬದಲು ಎಲ್‌ಸಿಡಿ ಹಾಕಿದರೆ ಕಪ್ಪು ಚಿತ್ರದಲ್ಲೂ ಪರದೆ ಮಸುಕಾಗಿ ಬೆಳಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ಅಂಗಡಿಗೆ ಒಯ್ಯಿರಿ. ನೀರಿಗೆ ಬಿದ್ದರೆ ತಕ್ಷಣ ಆಫ್ ಮಾಡಿ. ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ದಿನ ಕಳೆಯಬೇಡಿ.

ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ಹೇಳುತ್ತೇನೆ. ಬೀಗ ತೆಗೆದ ಫೋನನ್ನು ರಾತ್ರಿಯಿಡೀ ಅಂಗಡಿಯಲ್ಲಿ ಬಿಡಬೇಡಿ. ಹಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಇದೆ. ಅದನ್ನು ಹಾಕಿದರೆ ಫೋನ್ ಪರೀಕ್ಷಿಸಬಹುದು, ನಿಮ್ಮ ಫೋಟೋ ಕಾಣುವುದಿಲ್ಲ. ಆ ಸೌಲಭ್ಯ ಇಲ್ಲದಿದ್ದರೆ ಬ್ಯಾಕಪ್ ಮಾಡಿ ರಿಸೆಟ್ ಮಾಡಿ ಕೊಡಿ, ಅಥವಾ ಕೆಲಸ ಮುಗಿಯುವವರೆಗೆ ಮನೆಯವರ ಜೊತೆ ಅಲ್ಲೇ ಕೂತಿರಿ.

ಮೋಸವಾದರೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವುದೂ ಹಾಗೆಯೇ. ಮೊದಲು ಅಂಗಡಿಯವರ ಜೊತೆ ಸಮಾಧಾನದಿಂದ ಮಾತಾಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎಲ್ಲ ಕಡೆಯೂ ಮೊದಲು ಕೇಳುವುದು ಬಿಲ್ಲನ್ನೇ.

ಆ ಹುಡುಗ ಈಗ ಇನ್ನೊಂದು ಹಳೆಯ ಫೋನ್ ಕೊಂಡಿದ್ದಾನೆ. ಐನೂರು ರೂಪಾಯಿ ಹೆಚ್ಚಾಯಿತಂತೆ. ಬಿಲ್ಲನ್ನು ಮಡಚಿ ಕವರಿನ ಹಿಂದೆ ಇಟ್ಟುಕೊಂಡಿದ್ದಾನೆ. "ಬಿಲ್ಲನ್ನು ಮನೆಯಲ್ಲಿಡು ಮಾರಾಯ, ಫೋನ್ ಕಳೆದರೆ ಅದೂ ಹೋಗುತ್ತದಲ್ಲ" ಎಂದೆ.

ಅಭ್ಯಾಸ

1. ನಿಮ್ಮ ಮನೆಯ ಎಲ್ಲ ಫೋನ್‌ಗಳ ಐಎಂಇಐ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಬಿಲ್ಲುಗಳ ಜೊತೆ ಇಡಿ.

2. ಒಂದು ಸಂಖ್ಯೆಯ ಮೊದಲ 14 ಅಂಕಿಗಳಿಂದ 15ನೆಯ ಅಂಕಿಯನ್ನು ಲೆಕ್ಕ ಮಾಡಿ ತಾಳೆ ನೋಡಿ.

3. ಕದ್ದದ್ದೆಂದು ತಿಳಿಯದೆ ಕೊಂಡವನು ಹಣವನ್ನು ಯಾರಿಂದ ಕೇಳಬೇಕು? ಕಾರಣ ಸಹಿತ ಬರೆಯಿರಿ.