ಬಿಸಿಯಾದ ಮೇಲೆ ನಿಂತುಹೋಗುವ ಇಂಜಿನ್: ಕಾರಣ ಹುಡುಕುವುದು ಹೇಗೆ?



ಸಾಲ ತೆಗೆದು, ಪೆಟ್ರೋಲಿನಿಂದ ಓಡುವ ಕಳೆ ತೆಗೆಯುವ ಯಂತ್ರ (ಪವರ್ ವೀಡರ್) ಕೊಂಡ ಸಂಘಗಳು ನಮ್ಮಲ್ಲಿವೆ. ಬಾಡಿಗೆಯ ಹಣದಲ್ಲೇ ಕಂತು ಕಟ್ಟಬೇಕು. ಯಂತ್ರ ಹಳತಾದಂತೆ ಒಂದು ತಕರಾರು ಶುರುವಾಗುತ್ತದೆ. ಬೆಳಿಗ್ಗೆ ಹಗ್ಗ ಎಳೆದ ಕೂಡಲೇ ಸ್ಟಾರ್ಟ್ ಆಗ್ತದೆ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಂತುಬಿಡ್ತದೆ, ಎಷ್ಟು ಎಳೆದರೂ ಸ್ಟಾರ್ಟ್ ಆಗೋದಿಲ್ಲ. ಮೆಕ್ಯಾನಿಕ್ ಬರುವ ಹೊತ್ತಿಗೆ ತಣ್ಣಗಾಗಿ ಮತ್ತೆ ಚೆನ್ನಾಗಿ ಓಡುತ್ತದೆ! ಆಗ ಅವರಾದರೂ ಏನು ಮಾಡಿಯಾರು? ಅಂದಾಜಿನ ಮೇಲೆ ಪ್ಲಗ್, ಕಾರ್ಬೊರೇಟರ್ ಬದಲಿಸ್ತಾರೆ. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ.

ಆದ್ದರಿಂದ ಈ ಪಾಠದಲ್ಲಿ ನೆನಪಿಡಬೇಕಾದ ಮಾತು ಒಂದೇ: ಬಿಸಿಯಲ್ಲಿ ಬರುವ ತೊಂದರೆಯನ್ನು ಬಿಸಿ ಇರುವಾಗಲೇ ನೋಡಬೇಕು. ಅದಕ್ಕೆ ಯಂತ್ರದ ಹತ್ತಿರ ಇರುವವರು ನಾವೇ.

ಇಂಜಿನ್ ಓಡಲು ಏನೇನು ಬೇಕು?

ಪೆಟ್ರೋಲ್, ಗಾಳಿ, ಸರಿಯಾದ ಹೊತ್ತಿಗೆ ಬೆಂಕಿಯ ಕಿಡಿ, ಒಳಗೆ ಸೋರಿಕೆಯಿಲ್ಲದ ಒತ್ತಡ. ಇವುಗಳಲ್ಲಿ ಯಾವುದು ತಪ್ಪಿತು ಅನ್ನುವುದನ್ನು ಒಂದೊಂದಾಗಿ ನೋಡೋಣ.

ನಿಂತದ್ದು ಹೇಗೆ?

ಸ್ವಿಚ್ ಆರಿಸಿದ ಹಾಗೆ ಪಟ್ಟನೆ ನಿಂತರೆ ಮೊದಲು ಕಿಡಿಯ ಮೇಲೆ ಸಂಶಯಪಡಿ. ಏದುಸಿರು ಬಿಟ್ಟ ಹಾಗೆ ನಿಧಾನವಾಗಿ ಸೋತು ನಿಂತರೆ, ಸ್ವಲ್ಪ ಚೋಕ್ ಎಳೆದಾಗ ಚೇತರಿಸಿಕೊಂಡರೆ, ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಎಂದು ತಿಳಿಯಿರಿ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ. ಚೋಕ್ ಪೂರ್ತಿ ತೆರೆದಿದೆಯೇ, ಏರ್ ಫಿಲ್ಟರಿನಲ್ಲಿ ಧೂಳು ಕೂತಿದೆಯೇ ನೋಡಿ.

ನಿಂತ ಕೂಡಲೇ ಮಾಡುವ ಪರೀಕ್ಷೆ

1. ಕಿಡಿ: ಒಂದು ಒಳ್ಳೆಯ ಪ್ಲಗ್ ಯಾವಾಗಲೂ ಜೊತೆಗಿರಲಿ. ಗೇರ್ ನ್ಯೂಟ್ರಲ್‌ನಲ್ಲಿಡಿ. ಇಂಜಿನ್ನಿನ ಪ್ಲಗ್ ಬಿಚ್ಚಬೇಡಿ, ಅದರ ಕ್ಯಾಪ್ ಮಾತ್ರ ತೆಗೆದು ಜೊತೆಗಿರುವ ಪ್ಲಗ್ಗಿಗೆ ಹಾಕಿ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಪ್ಲಗ್ಗಿನ ಲೋಹದ ಭಾಗವನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ, ಸ್ವಿಚ್ ಹಾಕಿ, ಇನ್ನೊಬ್ಬರು ಹಗ್ಗ ಎಳೆಯಲಿ. ನೀಲಿ ಕಿಡಿ ಚಟಚಟ ಬಂದರೆ ಸರಿ. ಬಿಸಿಯಲ್ಲಿ ಕಿಡಿ ಬಾರದೆ, ತಣ್ಣಗಾದ ಮೇಲೆ ಬಂದರೆ ಹೆಚ್ಚಾಗಿ ಕಾಯಿಲ್ ಹಾಳಾಗಿರುತ್ತದೆ. ಅದರೊಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣಿದರೆ ಮತ್ತೆ ಕೂಡುತ್ತದೆ. ಹಳೇ ಕಾಲದ ಪೆಟ್ರೋಲ್ ಟ್ರ್ಯಾಕ್ಟರುಗಳಲ್ಲೂ ಇದೇ ತೊಂದರೆ ಇತ್ತು. ಕೆಲವು ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿ ತಾನಾಗಿ ನಿಲ್ಲುತ್ತದೆ. ಹಾಗಾಗಿ ಕಾಯಿಲ್ ಕೊಳ್ಳುವ ಮೊದಲು ಆಯಿಲ್ ನೋಡಿ.

2. ಟ್ಯಾಂಕಿನ ಮುಚ್ಚಳ: ಕಿಡಿ ಸರಿಯಿದ್ದರೆ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ. ಬುಸ್ ಎಂದು ಗಾಳಿ ಒಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಇಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿಕಿಂಡಿ ಮುಚ್ಚಿಕೊಂಡಿದೆ. ತೊಳೆದರೆ ಸಾಕು, ಖರ್ಚೇ ಇಲ್ಲ.

3. ಹಗ್ಗದ ಬಿಗಿ: ಬೆಳಿಗ್ಗೆ ಬಿಗಿಯಾಗಿದ್ದ ಹಗ್ಗ ಬಿಸಿಯಲ್ಲಿ ತೀರಾ ಹಗುರವಾಗಿ ಬಂದರೆ ಒಳಗಿನ ಒತ್ತಡ ಸೋರುತ್ತಿದೆ. ಆಗ ವಾಲ್ವಿನ ಅಂತರ ನೋಡಲು ಮೆಕ್ಯಾನಿಕ್‌ಗೆ ಹೇಳಿ.

ತಣ್ಣಗಾದ ಮೇಲೆ

ಕಾರ್ಬೊರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ, ಪೆಟ್ರೋಲನ್ನು ಸ್ಟೀಲ್ ಲೋಟಕ್ಕೆ ಬಿಡಿ. ಧಾರೆಯಾಗಿ ಬರಬೇಕು. ತೊಟ್ಟು ತೊಟ್ಟಾಗಿ ಬಂದರೆ ನಲ್ಲಿಯ ಜರಡಿಯಲ್ಲಿ ಕಸ ಕಟ್ಟಿದೆ. ಪೆಟ್ರೋಲ್ ಪೈಪು ಸೈಲೆನ್ಸರಿಗೆ ತಾಗುವಂತಿದ್ದರೆ ದೂರ ಸರಿಸಿ ಕಟ್ಟಿ, ಪೈಪು ಕಾದರೆ ಒಳಗಿನ ಪೆಟ್ರೋಲ್ ಆವಿಯಾಗಿ ಹರಿವು ತಡೆಯುತ್ತದೆ. ಇಂಜಿನ್ನಿನ ಮೈಮೇಲಿನ ರೆಕ್ಕೆಗಳ ನಡುವೆ ಹುಲ್ಲು, ಮಣ್ಣು ತುಂಬಿದ್ದರೆ ತೆಗೆಯಿರಿ. ಗಾಳಿಯಾಡದಿದ್ದರೆ ಇಂಜಿನ್ ತಣಿಯೋದು ಹೇಗೆ? ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಟ್ಟದ್ದನ್ನು ಹಾಕಬೇಡಿ.

ಎಚ್ಚರಿಕೆ: ಬಿಸಿ ಇಂಜಿನ್‌ಗೆ ಪೆಟ್ರೋಲ್ ತುಂಬಬೇಡಿ. ಪೆಟ್ರೋಲ್ ಚೆಲ್ಲಿದ್ದರೆ ಕಿಡಿಯ ಪರೀಕ್ಷೆ ಮಾಡಲೇಬೇಡಿ. ಹತ್ತಿರ ಬೀಡಿ, ಒಲೆ ಇರಬಾರದು. ಸೆರಗು, ಜಡೆ ಕಟ್ಟಿಕೊಳ್ಳಿ.

ನಾವು ಉಳಿತಾಯದ ಲೆಕ್ಕ ಬರೆಯುವ ಹಾಗೆ ಯಂತ್ರಕ್ಕೂ ಒಂದು ಪುಸ್ತಕ ಇಡೋಣ. ಎಷ್ಟು ಹೊತ್ತು ಓಡಿತು, ಹೇಗೆ ನಿಂತಿತು, ಕಿಡಿ ಬಂತೇ, ಮುಚ್ಚಳ ತೆಗೆದಾಗ ಏನಾಯಿತು ಎಂದು ಬರೆದು ಮೆಕ್ಯಾನಿಕ್‌ಗೆ ತೋರಿಸೋಣ. ಆಗ ಅವರು ಕೆಟ್ಟ ಭಾಗವನ್ನಷ್ಟೇ ಬದಲಿಸುತ್ತಾರೆ. ಸಂಘದ ಹಣ ಉಳಿಯುತ್ತದೆ, ಕಂತೂ ತಪ್ಪುವುದಿಲ್ಲ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಯಂತ್ರ ಕಳೆದ ಸಲ ಪಟ್ಟನೆ ನಿಂತಿತೋ, ನಿಧಾನವಾಗಿ ನಿಂತಿತೋ?
2. ಕಿಡಿ ಪರೀಕ್ಷೆ ಕಲಿಯಲು ಯಾವ ಇಬ್ಬರು ಮುಂದೆ ಬರುತ್ತೀರಿ?
3. ಯಂತ್ರದ ಪುಸ್ತಕ ಯಾರು ಬರೆಯುತ್ತೀರಿ?