ಇಳಿಜಾರಿನ ಸಾಕ್ಷ್ಯ

ಪೀರ್ ಪಂಜಾಲ್ ಶ್ರೇಣಿಯ ದಕ್ಷಿಣ ಪಾರ್ಶ್ವದಲ್ಲಿ, ಮನಾಲಿಯ ಮೇಲಣ ಸೋಲಾಂಗ್ ಕಣಿವೆಯಿಂದ ಧುಂಧಿಯವರೆಗೆ ಹಬ್ಬಿರುವ ಇಳಿಜಾರುಗಳಲ್ಲಿ ಚಳಿಗಾಲವನ್ನು ಕಳೆಯುತ್ತ, ಬಯಲುಸೀಮೆಯಿಂದ ಬಂದ ತರುಣರನ್ನು ಹಿಮದ ಮೇಲೆ ನಡೆಯಿಸುವ ಕಾರ್ಯದಲ್ಲಿ ತೊಡಗಿದ ಮೇಲೆ ನನಗೆ ಮೊಟ್ಟಮೊದಲು ಮನದಟ್ಟಾದುದೆಂದರೆ, ಬೆಳಗೆದ್ದು ‘ಇಂದಿನ ಹವೆ ಹೇಗಿದೆ?’ ಎಂದು ಕೇಳಿದರಷ್ಟೇ ಅಲ್ಲಿ ಸಾಲದೆಂಬುದು. ಪಶ್ಚಿಮದ ಕ್ಷೋಭೆಗಳೆಂದು ಹವಾಮಾನಜ್ಞರು ಕರೆಯುವ ಮೋಡಗಳ ದಂಡು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್ ಅಫಘಾನಿಸ್ತಾನಗಳನ್ನು ಹಾದು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಂದರ ಬೆನ್ನಿಗೊಂದು ಬಂದು ಇಲ್ಲಿ ಹಿಮವನ್ನು ಸುರಿಯುವುದು. ಒಂದು ಹೋಗಿ ಇನ್ನೊಂದು ಬರುವ ನಡುವೆ ದಿನಗಳು ತಿಳಿಯಾಗಿಯೂ ಮನೋಹರವಾಗಿಯೂ ಇರುವುವು. ಹಿಮಕುಸಿತವೆಂಬ ಕೇಡಿನ ಬೀಜ ಬೀಳುವುದು ಬಹುಮಟ್ಟಿಗೆ ಆ ಮನೋಹರವಾದ ದಿನಗಳಲ್ಲಿಯೇ.

ಅದು ಹೀಗೆ. ನೆಲಕ್ಕೆ ತಾಗಿದ ಹಿಮದ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ನಿರಭ್ರವಾದ ರಾತ್ರಿಯಲ್ಲಿ ಮೇಲ್ಮೈ ಅದಕ್ಕಿಂತ ಹತ್ತಾರು ಡಿಗ್ರಿ ಕೆಳಗಿಳಿಯುತ್ತದೆ. ಹೊದಿಕೆ ತೆಳುವಾಗಿದ್ದು, ಪ್ರತಿ 10 ಸೆಂಟಿಮೀಟರ್ ಆಳಕ್ಕೆ 1 ಡಿಗ್ರಿಗಿಂತ ಹೆಚ್ಚಿನ ಅಂತರ ಏರ್ಪಟ್ಟಿತೆಂದರೆ, ಒಳಗಿನ ಆವಿ ಕೆಳಗಿನಿಂದ ಮೇಲಕ್ಕೆ ಸರಿಯತೊಡಗಿ, ಒಂದನ್ನೊಂದು ಹಿಡಿದುಕೊಂಡಿದ್ದ ಕಣಗಳು ಬಂಧವನ್ನು ಕಳೆದುಕೊಂಡು, ಮುಷ್ಟಿಯಲ್ಲಿ ಹಿಡಿದರೆ ಉದುರಿಹೋಗುವ ಸಕ್ಕರೆಯ ಹರಳುಗಳಂತೆ ಮಾರ್ಪಡುವುವು. ಜನವರಿಯಲ್ಲಿ ಆಳೆತ್ತರದ ಹಿಮ ಬಿದ್ದು ಗಟ್ಟಿಯಾದ ಫಲಕವಾಗುವುದು ಇದರ ಮೇಲೆಯೇ. ಡಿಸೆಂಬರಿನಲ್ಲಿ ಅಲ್ಲಿ ಇಲ್ಲದವನಿಗೆ ಫೆಬ್ರವರಿಯ ಇಳಿಜಾರು ಪೂರ್ತಿಯಾಗಿ ಅರ್ಥವಾಗದು.

ಗುಂಡಿ ತೋಡಿ ನೋಡುವುದುಂಟು. ಪದರಗಳಲ್ಲಿ ಮುಷ್ಟಿ, ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲು, ಚಾಕು, ಇವುಗಳಲ್ಲಿ ಯಾವುದು ಒಳಹೊಗುವುದೋ ಅದರಿಂದ ಗಡಸುತನವನ್ನು ಅಳೆಯುತ್ತಾರೆ. 30 ಸೆಂಟಿಮೀಟರ್ ಚೌಕದ ಕಂಬವೊಂದನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟುಗಳನ್ನು ಕೊಟ್ಟು, ಎಲ್ಲಿ ಜಾರಿತೆಂದು ಗುರುತಿಸುತ್ತಾರೆ. ಈ ಪರೀಕ್ಷೆಯನ್ನು ನಾನು ಆಸ್ಥೆಯಿಂದ ಕಲಿಸುತ್ತೇನೆ. ಆದರೆ ಹಿಮ ನಿಲ್ಲುವುದೆಂಬುದಕ್ಕೆ ಅದನ್ನು ಪ್ರಮಾಣವಾಗಿ ಒಪ್ಪಲಾರೆ. ಗುಂಡಿ ಹೇಳುವುದು ಗುಂಡಿಯ ಮಾತನ್ನು; ಇಪ್ಪತ್ತು ಮಾರು ಆಚೆಗೆ, ಗಾಳಿ ತಂದು ಸುರಿದ ಮಗ್ಗುಲಲ್ಲಿ, ಪದರಗಳ ಕ್ರಮವೇ ಬೇರೆಯಾಗಿರಬಹುದು.

ಗಾಳಿಯ ಈ ಕುಟಿಲತೆಯನ್ನು ಎಷ್ಟು ಹೇಳಿದರೂ ಕಡಿಮೆ. ಒಂದು ಚೂರೂ ಹೊಸ ಹಿಮ ಬೀಳದ ದಿನದಲ್ಲಿಯೂ, ಶಿಖರದಂಚಿನಿಂದ ಬಿಳಿಯ ಬಾವುಟದಂತಹ ಧೂಳು ಹಾರುತ್ತಿರುವುದು ಕಂಡಿತೆಂದರೆ, ಗಾಳಿಗೆ ಮರೆಯಾದ ಪಕ್ಕದಲ್ಲಿ ಭಾರ ಏರುತ್ತಿದೆಯೆಂದೇ ತಿಳಿಯಬೇಕು; ಆಕಾಶ ಸುರಿಯುವುದಕ್ಕಿಂತ ಹಲವು ಪಟ್ಟು ವೇಗವಾಗಿ ಗಾಳಿ ಅಲ್ಲಿ ಹಿಮವನ್ನು ಪೇರಿಸಬಲ್ಲುದು. ಮಧ್ಯಾಹ್ನದ ಬಿಸಿಲು, ತಗ್ಗಿನಲ್ಲಿ ಹಿಮದ ಮೇಲೆ ಬೀಳುವ ಮಳೆ, ಇವು ತರುವ ಅಪಾಯವೂ ಅಲ್ಪವಲ್ಲ. ಹಿಮ ನಿಧಾನವಾಗಿ ಬಂದ ಭಾರಕ್ಕೂ ಕಾವಿಗೂ ಹೊಂದಿಕೊಳ್ಳುವುದು. ಹಠಾತ್ತಾಗಿ ಬಂದುದನ್ನು ತಾಳದು. ಬಿರುಗಾಳಿ ಕಳೆದ ಮೊದಲನೆಯ ನಿರ್ಮಲ ದಿನವೇ ಇಷ್ಟೊಂದು ಜನರನ್ನು ಬಲಿತೆಗೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ; ಹೊರಗೆ ಹೋಗಬೇಕೆಂಬ ನಮ್ಮ ಆತುರ ಇನ್ನೊಂದು.

1969ರಲ್ಲಿ ಮನಾಲಿಯಲ್ಲಿ ಸ್ಥಾಪಿತವಾಗಿ, ಈಗ ರಕ್ಷಣಾ ಇಲಾಖೆಯ ಭೂಮಾಹಿತಿ ಸಂಶೋಧನಾ ಸಂಸ್ಥೆಯಲ್ಲಿ ವಿಲೀನವಾಗಿರುವ ಹಿಮಾಧ್ಯಯನ ಕೇಂದ್ರದ ಪರಂಪರೆಯಿಂದ ಬಂದ ಮುನ್ಸೂಚನೆಗಳನ್ನು ನಾನು ತಪ್ಪದೆ ಓದುತ್ತೇನೆ. ಆದರೆ ಅವು ವಿಶಾಲವಾದ ಪ್ರದೇಶವನ್ನು ಕುರಿತವು. ನನ್ನೆದುರಿನ ಇಳಿಜಾರನ್ನು ಕುರಿತ ನಿರ್ಣಯ ನನ್ನದೇ. ಹವೆಯೂ ಹಿಮವೂ ಗಳಿಗೆಗೊಂದು ಬಗೆಯಾಗುವಲ್ಲಿ ಬದಲಾಗದೆ ನಿಂತಿರುವ ಒಂದೇ ಒಂದು ಸಂಗತಿಯೆಂದರೆ ನೆಲದ ವಾಟ. ಫಲಕಗಳ ಕುಸಿತ ಬಹುಪಾಲು 30ರಿಂದ 45 ಡಿಗ್ರಿಗಳ ನಡುವಣ ಇಳಿಜಾರುಗಳಲ್ಲಿ ಮೊದಲಾಗುವುದು. ಆದುದರಿಂದ ಕೋನವನ್ನು ಅಳೆಯುವ ಆ ಚಿಕ್ಕ ಉಪಕರಣಕ್ಕೆ ಮಿಕ್ಕೆಲ್ಲ ಸಲಕರಣೆಗಳಿಗಿಂತ ಹೆಚ್ಚಿನ ಗೌರವವನ್ನು ನಾನು ಕೊಡುತ್ತ ಬಂದಿದ್ದೇನೆ. ಮರಗಳೂ ಸಾಕ್ಷ್ಯ ನುಡಿಯುವುವು: ಮೇಲ್ಮಗ್ಗುಲ ಕೊಂಬೆಗಳನ್ನೆಲ್ಲ ಕಳೆದುಕೊಂಡ ದೇವದಾರು, ಬುಡದಲ್ಲಿ ಬಾಗಿ ಮತ್ತೆ ಎದ್ದ ಭೂರ್ಜದ ಎಳೆಯ ಸಾಲು, ಇವು ಹಿಂದೆ ಹಿಮ ಹಾದುಹೋದ ದಾರಿಯನ್ನು ಸ್ಪಷ್ಟವಾಗಿ ತೋರಿಸುತ್ತವೆ.

ಹೂತುಹೋದವರನ್ನು ಹುಡುಕುವ ಯಂತ್ರ, ಚುಚ್ಚುಗೋಲು, ಸಲಿಕೆ ಇವೆಲ್ಲ ಪ್ರತಿಯೊಬ್ಬರಲ್ಲಿಯೂ ಇರಲೇಬೇಕು. ಆದರೆ ಕಾಲಾವಕಾಶ ಅತ್ಯಲ್ಪ: ಕಾಲು ಗಂಟೆಯೊಳಗೆ ಹೊರತೆಗೆದವರಲ್ಲಿ ಹೆಚ್ಚಿನವರು ಬದುಕುವರು, ಅರ್ಧ ಗಂಟೆ ಮೀರಿದ ಮೇಲೆ ಬದುಕುವವರು ವಿರಳ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಮೇಲೆ ಜೀವಂತವಾಗಿ ದೊರೆತು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ನಮ್ಮ ತರುಣರು ಆ ಹೆಸರನ್ನು ಆಶ್ವಾಸನೆಯೆಂಬಂತೆ ಎತ್ತಿದಾಗಲೆಲ್ಲ, ಅದು ನಿಯಮವಲ್ಲ, ಅಪವಾದವೆಂದು ನಾನು ಹೇಳಬೇಕಾಗುತ್ತದೆ.

ಧಾರವಾಡದ ಕಡೆಯ ಒಬ್ಬ ಹುಡುಗ ಒಮ್ಮೆ, ನಾವು ತೊರೆದು ಬಂದ ಇಳಿಜಾರು ಸಂಜೆಯವರೆಗೂ ಕದಲದೆ ನಿಂತುದನ್ನು ನೋಡಿ, “ಹಂಗಾರ ನಾವು ಹೋಗಬಹುದಿತ್ತಲ್ರೀ ಸರ?” ಎಂದನು. ಹೋಗಿ ಸುಖವಾಗಿ ಮರಳಿದ್ದರೂ ನಮ್ಮ ನಿರ್ಣಯ ಸರಿಯಾಗಿತ್ತೆಂದು ಅದರಿಂದ ಸಿದ್ಧವಾಗುತ್ತಿರಲಿಲ್ಲವೆಂದೂ, ಹಿಮ ಪ್ರತಿ ತಪ್ಪನ್ನೂ ಶಿಕ್ಷಿಸುವ ಗುರುವಲ್ಲವಾದುದರಿಂದಲೇ ಅನುಭವಸ್ಥರೂ ಅದರಡಿ ಸಿಲುಕುವರೆಂದೂ, ಸಿಲುಕಿದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಯ ಪಾಲಿಗೆ ಕುಸಿತವನ್ನೆಬ್ಬಿಸಿದುದು ಅವರದೇ ತಂಡದ ಹೆಜ್ಜೆಯೆಂದೂ ಹೇಳಿದೆನು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ತೋರಲಿಲ್ಲ. ಮರುದಿನ ಬೇರೊಂದು ದಾರಿಯಲ್ಲಿ ತಾನೇ ಉಪಕರಣವನ್ನು ಹಿಡಿದು, “ಇಲ್ಲಿ ಇಪ್ಪತ್ನಾಕ ಅದರೀ ಸರ, ಆದರ ನಮ್ಮ ತಲೀ ಮ್ಯಾಲಿಂದು?” ಎಂದು ಕೇಳಿದನು. ಮೇಲಿನದು 38 ಇತ್ತು. ನಾವು ಕಾಡಿನ ದಾರಿಯನ್ನು ಹಿಡಿದೆವು.