ಬಚ್ಚಲಮನೆಯ ಗೋಡೆಗೆ ಟೈಲ್ಸ್: ಮೊದಲ ಸಲ ಕೂರಿಸುವವರಿಗೆ ಒಂದು ಪಾಠ



ಅಡಿಕೆ ಮಾರಿ ಕೈಗೆ ನಾಲ್ಕು ಕಾಸು ಬಂದಾಗ ಮನೆಯನ್ನು ಅನುಕೂಲ ಮಾಡಿಕೊಳ್ಳಬೇಕೆಂಬ ಆಸೆ ಸಹಜವಾದುದು. ಬಚ್ಚಲಮನೆಯ ಗೋಡೆಗೆ ಟೈಲ್ಸ್ ಹಾಕುವುದು ಅಂಥ ಒಂದು ಅನುಕೂಲ. ಗೋಡೆಯನ್ನು ತೊಳೆಯುವುದು ಸುಲಭ, ಪಾಚಿಯೂ ಕಡಿಮೆ. ಆದರೆ ಎರಡು ಮೂರು ಮಳೆಗಾಲದಲ್ಲೇ ಅವು ಕಳಚಿದರೆ ಹಣವೂ ಹೋಯಿತು, ಸ್ನಾನಕ್ಕೆ ಕುಳಿತ ಮಗುವಿಗೋ ಮುದುಕರಿಗೋ ಗಾಯವೂ ಆಯಿತು. ಆದಕಾರಣ ಕೆಲಸಕ್ಕೆ ಕೈಹಾಕುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ನೀರು ತಡೆಯುವುದು ಯಾವುದು?

ಮಂಗಳೂರು ಹಂಚು ನಮಗೆಲ್ಲ ಗೊತ್ತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅದರ ಕಾರ್ಖಾನೆ ತೆರೆದರು. ಮಾಡಿನ ಮೇಲೆ ಒಂದು ಹಂಚು ಇನ್ನೊಂದರ ಮೇಲೆ ಹೊದ್ದುಕೊಂಡಿರುವುದರಿಂದ ಮಳೆನೀರು ಹೊರಗೆ ಹರಿದುಹೋಗುತ್ತದೆ. ಗೋಡೆಯ ಟೈಲ್ಸ್ ಹಾಗಲ್ಲ. ಅವು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ನಡುವಿನ ಸಂದಿನಲ್ಲಿ ನೀರು ಮೆಲ್ಲಗೆ ಒಳಗಿಳಿಯುತ್ತದೆ. ಹೀಗಾಗಿ ನೀರು ತಡೆಯಬೇಕಾದುದು ಟೈಲ್ಸ್ ಅಲ್ಲ, ಅದರ ಹಿಂದಿನ ಗೋಡೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಗೋಡೆಯ ಪರೀಕ್ಷೆ

ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ನೋಡಿ. ಡೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟಿದೆ ಎಂದು ತಿಳಿಯಿರಿ. ಅದನ್ನು ಕೆತ್ತಿ ತೆಗೆದು ಹೊಸದಾಗಿ ಸಿಮೆಂಟು ಗಾರೆ ಮಾಡಬೇಕು. ಸುಣ್ಣ, ಬಣ್ಣಗಳನ್ನು ಪೂರ್ತಿ ಕೆರೆಯಬೇಕು.

ಮಣ್ಣಿನ ಗೋಡೆಗೆ ನೇರವಾಗಿ ಟೈಲ್ಸ್ ಹಾಕಬಾರದು. ಮಣ್ಣು ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಸಿಮೆಂಟು ಹಾಗೆ ಬಳುಕದು. ಅಂಥ ಕಡೆ ಬೇರೆ ತಳಪಾಯದ ಮೇಲೆ ಇಟ್ಟಿಗೆಯ ಅಥವಾ ಜಂಬಿಟ್ಟಿಗೆಯ ಒಳಗೋಡೆ ಎಬ್ಬಿಸುವುದೇ ಕ್ಷೇಮ.

ಹೊಸ ಗಾರೆಗೆ ಏಳು ದಿನವಾದರೂ ನೀರು ಹಾಕಿ, ಬಳಿಕ ಎರಡು ಮೂರು ವಾರ ಒಣಗಲು ಬಿಡಿ. ನಲ್ಲಿ ಕೊಳವೆಗಳ ಕೆಲಸ ಮುಗಿಸಿ, ಸೋರುವುದಿಲ್ಲವೆಂದು ಖಾತ್ರಿಮಾಡಿಕೊಳ್ಳಿ. ನೀರು ಬೀಳುವ ಕಡೆಗೆಲ್ಲ ನೀರುತಡೆ ಲೇಪವನ್ನು ಎರಡು ಸಲ ಬಳಿಯಿರಿ. ನಮ್ಮ ಸೀಮೆಯಲ್ಲಿ ಆಷಾಢ ಶ್ರಾವಣದ ಗೋಡೆ ಒಣಗುವುದೆಂಬುದಿಲ್ಲ. ಆದ್ದರಿಂದ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲವೇ ಈ ಕೆಲಸಕ್ಕೆ ತಕ್ಕದ್ದು.

ಎಷ್ಟು ಬೇಕು?

೬ ಅಡಿ ಉದ್ದ, ೫ ಅಡಿ ಅಗಲದ ಬಚ್ಚಲಮನೆಯ ಸುತ್ತಳತೆ ೨೨ ಅಡಿ. ಬಾಗಿಲಿಗೆ ೨½ ಅಡಿ ಕಳೆದರೆ ೧೯½ ಅಡಿ. ೬ ಅಡಿ ಎತ್ತರಕ್ಕೆ ೧೧೭ ಚದರಡಿ. ಒಂದು ಅಡಿಗೆ ಒಂದೂವರೆ ಅಡಿಯ ಟೈಲ್ಸ್ ಆದರೆ ೭೮ ಬೇಕು. ಕತ್ತರಿಸುವಾಗ ಒಡೆಯುವುದಕ್ಕೆಂದು ನೂರಕ್ಕೆ ಹತ್ತರಂತೆ ಸೇರಿಸಿ ೮೬ ತನ್ನಿ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ತಂಡದ ಸಂಖ್ಯೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಇಲ್ಲವಾದರೆ ಬಣ್ಣದಲ್ಲಿ ವ್ಯತ್ಯಾಸ ಬರುತ್ತದೆ.

ಕೂರಿಸುವ ಕ್ರಮ

೧. ಬಚ್ಚಲ ನೆಲ ತೂಬಿನ ಕಡೆಗೆ ಇಳಿಜಾರಾಗಿರುತ್ತದೆ. ನೆಲದಿಂದಲೇ ಆರಂಭಿಸಿದರೆ ಸಾಲು ಸೊಟ್ಟಗಾಗುತ್ತದೆ. ನೆಲದ ಅತಿ ತಗ್ಗಿನ ಜಾಗದಿಂದ ಒಂದು ಟೈಲ್ಸ್ ಎತ್ತರಕ್ಕೆ ರಸಮಟ್ಟ ಹಿಡಿದು ಗೆರೆ ಎಳೆಯಿರಿ. ಗೆರೆಗೆ ಸರಿಯಾಗಿ ನೆಟ್ಟನೆಯ ರೀಪು ಹೊಡೆದು, ಅದರ ಮೇಲಿಂದ ಎರಡನೆಯ ಸಾಲನ್ನು ಶುರುಮಾಡಿ. ಕೆಳಗಿನ ಸಾಲನ್ನು ಕೊನೆಗೆ ಅಳೆದು ಕತ್ತರಿಸಿ ಕೂರಿಸಿ.

೨. ಅಂಟುಪುಡಿಯನ್ನು ಚೀಲದ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕಲಸಿ. ಅಂಟು ಬಳಸುವಾಗ ಟೈಲ್ಸ್ ನೆನೆಸಬಾರದು. ಹಿಂಬದಿಯ ಧೂಳು ಒರೆಸಿದರೆ ಸಾಕು. ಬರಿಯ ಸಿಮೆಂಟು ಗಾರೆಯಲ್ಲಿ ಕೂರಿಸುವುದಾದರೆ ಮಾತ್ರ, ನೀರು ಹೀರುವ ಟೈಲ್ಸನ್ನು ಗುಳ್ಳೆ ನಿಲ್ಲುವವರೆಗೆ ನೆನೆಸಿ.

೩. ಹಲ್ಲಿನ ಕರಣೆಯಿಂದ ಅಂಟನ್ನು ಗೋಡೆಗೆ ಸಮನಾಗಿ ಎಳೆಯಿರಿ. ಮೂಲೆಗಳಿಗೂ ನಡುವಿಗೂ ಐದು ಮುದ್ದೆ ಇಟ್ಟು ಒತ್ತುವ ಪದ್ಧತಿ ಕೂಡದು. ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಮೊದಲು ಒಂದನ್ನು ಕೂರಿಸಿ, ಕೂಡಲೇ ಕಿತ್ತು ಹಿಂಬದಿ ನೋಡಿ. ಎಲ್ಲೆಡೆ ಅಂಟು ಹಿಡಿದಿದ್ದರೆ ಕೈ ಸರಿಯಾಗಿದೆ ಎಂದರ್ಥ.

೪. ನಡುವೆ ೨ ಮಿಲಿಮೀಟರಿನ ಪ್ಲಾಸ್ಟಿಕ್ ತುಂಡು ಇಟ್ಟು ಸಂದು ಬಿಡಿ. ಸಾಲುಸಾಲಿಗೂ ತೂಕದ ಗುಂಡು, ರಸಮಟ್ಟ ಹಿಡಿದು ನೋಡಿ.

೫. ಒಂದು ದಿನ ಕಳೆದ ಮೇಲೆ ಸಂದುಗಳನ್ನು ಸಂದುಪುಡಿಯ ಹದದಿಂದ ತುಂಬಿ, ಒದ್ದೆ ಸ್ಪಂಜಿನಿಂದ ಒರೆಸಿ. ಗೋಡೆ ಗೋಡೆ ಕೂಡುವ ಮೂಲೆಗೆ, ಗೋಡೆ ನೆಲ ಕೂಡುವ ಅಂಚಿಗೆ ಬಳುಕುವ ಸಿಲಿಕೋನ್ ಮೇಣ ತುಂಬಿ.

ಎಚ್ಚರಿಕೆಗಳು

ಹಂಡೆಯ ಒಲೆಯ ಬಾಯಿಗೂ ಕಟ್ಟೆಗೂ ಟೈಲ್ಸ್ ಬೇಡ. ಬೆಂಕಿಯ ಕಾವಿಗೆ ಹಿಗ್ಗಿ ಕಳಚುತ್ತವೆ. ಅಲ್ಲಿ ಕಲ್ಲೇ ಇರಲಿ. ಗೋಡೆಯ ನುಣುಪು ಟೈಲ್ಸನ್ನು ನೆಲಕ್ಕೆ ಎಂದೂ ಹಾಕಬಾರದು, ಒದ್ದೆಕಾಲು ಜಾರುತ್ತದೆ. ನೆಲಕ್ಕೆಂದೇ ತಯಾರಾದ ತರಿತರಿ ಟೈಲ್ಸ್ ತನ್ನಿ. ಕತ್ತರಿಸುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆಗಿಂತ ಒಳ್ಳೆಯ ಮುಸುಕು ಇರಲಿ. ಸಿಮೆಂಟು ಚರ್ಮವನ್ನು ಸುಡುತ್ತದೆ, ಕೈಚೀಲ ಧರಿಸಿ.

ಮೊದಲ ಸಲ ಮಾಡುವವರು ಬಾಗಿಲ ಹಿಂದಿನ ಸಣ್ಣ ಗೋಡೆಯಿಂದ ಆರಂಭಿಸಿ, ಕೈ ಪಳಗಿದ ಮೇಲೆ ಎದುರಿನ ಗೋಡೆಗೆ ಹೋಗಲಿ. ಮೇಸ್ತ್ರಿಯಿಂದ ಮಾಡಿಸುವವರಿಗೂ ಈ ಪಾಠ ಉಪಯೋಗಕ್ಕೆ ಬರುತ್ತದೆ. ಕೆಲಸ ಮುಗಿದು ಅಂಟು ಗಟ್ಟಿಯಾದ ಮೇಲೆ, ಕೂಲಿ ಕೊಡುವ ಮೊದಲು, ಒಂದು ನಾಣ್ಯದಿಂದ ಪ್ರತಿಯೊಂದನ್ನೂ ತಟ್ಟಿ ನೋಡಿ. ಪೊಳ್ಳು ಸದ್ದು ಬಂದುದನ್ನು ಆಗಲೇ ತೆಗೆಸಿ ಹಾಕಿಸಿಕೊಳ್ಳಿ.